‘ನಾನಿನ್ನೂ ಸಿದ್ಧನಿಲ್ಲ’ ಎನ್ನುವವರು ಯೇಸುವಿನ ಕರೆಗೆ ಓಗೊಡುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಪ್ರತಿ ಸಲ ಹೀಗೇ ಆಗುತ್ತದೆ. ಉಜ್ಜೀವನ ಕೂಟದಲ್ಲಿ, ಅಂದರೆ ನಂಬಿಕೆಯನ್ನು ಮತ್ತೆ ಹೊತ್ತಿಸುವ ಪ್ರಾರ್ಥನಾ ಸಭೆಯಲ್ಲಿ, ಬೈಬಲಿನ ವಾಕ್ಯ ಕೇಳಿ ಒಬ್ಬರ ಮನಸ್ಸು ಕರಗುತ್ತದೆ. ಮುಂದೆ ಹೋಗಿ ಮೊಣಕಾಲೂರುತ್ತಾರೆ, ಕಣ್ಣೀರಿಡುತ್ತಾರೆ, ಸೋಮವಾರದಿಂದ ನಸುಕಿನ ನಾಲ್ಕಕ್ಕೇ ಎದ್ದು ಪ್ರಾರ್ಥನೆ ಶುರು ಮಾಡುತ್ತಾರೆ. ಮೂರನೇ ವಾರಕ್ಕೆ ಎಲ್ಲ ನಿಂತಿರುತ್ತದೆ. ಆಮೇಲೆ ಎಲ್ಲಾದರೂ ಸಿಕ್ಕಿದರೆ ತಲೆ ತಗ್ಗಿಸಿ, ‘ನಾನಿನ್ನೂ ಸಿದ್ಧ ಇರಲಿಲ್ಲ ಅಣ್ಣಾ’ ಅನ್ನುತ್ತಾರೆ. ಇನ್ನು ಕೆಲವರು ಮುಂದೆ ಹೋಗುವುದೇ ಇಲ್ಲ. ಮಗಳ ಮದುವೆ ಮುಗಿಯಲಿ, ಸಿಟ್ಟು ಕಡಿಮೆಯಾಗಲಿ, ಬೈಬಲನ್ನು ಒಮ್ಮೆ ಪೂರ್ತಿ ಓದಿಬಿಡೋಣ ಅನ್ನುತ್ತಲೇ ಹತ್ತು ವರ್ಷ ಕಳೆದಿರುತ್ತದೆ.

ಎರಡೂ ಬಗೆಯವರ ಜೊತೆ ಎಷ್ಟೋ ಸಂಜೆ ಕೂತಿದ್ದೇನೆ. ಇವರಲ್ಲಿ ಆಸೆಗೆ ಕೊರತೆಯಿಲ್ಲ, ತಪ್ಪಿರುವುದು ಕ್ರಮ. ಮೊದಲು ಸಿದ್ಧನಾಗಬೇಕು, ಆಮೇಲೆ ಹಿಂಬಾಲಿಸಬೇಕು ಎಂದು ತಿಳಿದಿದ್ದಾರೆ. ಸುವಾರ್ತೆಯಲ್ಲಿ, ಅಂದರೆ ಬೈಬಲಿನಲ್ಲಿರುವ ಯೇಸುವಿನ ಚರಿತ್ರೆಯಲ್ಲಿ, ಮೊದಲು ‘ಬಾ’ ಎಂಬ ಮಾತು, ಆಮೇಲೆ ಜೊತೆಗಿರುವುದು, ಆಮೇಲೆ ಕಲಿಯುವುದು, ಆಮೇಲೆ ಕಳುಹಿಸಲ್ಪಡುವುದು. ಈ ಬರಹ ಆ ಕ್ರಮವನ್ನೇ ಹಿಡಿದು ಹೋಗುತ್ತದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ, ಜಿಗಿಯಲೂ ಬೇಡಿ.

ಶುರುವಿಗೆ ಮೊದಲು: ಯಾವ ಕರೆಯ ಮಾತು ಇದು?

ಅರ್ಧ ಭಯ ಹುಟ್ಟುವುದು ಇಲ್ಲೇ. ‘ಕರೆ’ ಅಂದ ಕೂಡಲೇ ನಮ್ಮ ಕಣ್ಣಿಗೆ ಬಿಳಿ ನಿಲುವಂಗಿ, ಪುಲ್ಪಿಟ್ಟು, ಮೈಕು ಕಾಣುತ್ತವೆ. ಪಾಸ್ಟರ್ ಆಗುವುದು, ಗುರುಗಳಾಗಲು ಗುರುಮಠ ಸೇರುವುದು, ಕನ್ಯಾಸ್ತ್ರೀಯಾಗುವುದು ಬೇರೆ ಮಾತು. ಅದಕ್ಕೆ ತರಬೇತಿ ಬೇಕು, ಹಿರಿಯರ ಪರೀಕ್ಷೆ ಬೇಕು, ಕಾಯಬೇಕು. ಹೊಸದಾಗಿ ನಂಬಿದವನನ್ನು ಸಭಾಧ್ಯಕ್ಷನಾಗಿ ನೇಮಿಸಬೇಡ ಎಂದು ಅಪೊಸ್ತಲ ಪೌಲನೇ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದಿದ್ದಾನೆ (1 ತಿಮೊಥೆಯ 3:6). ಅಲ್ಲಿ ‘ನಾನಿನ್ನೂ ಸಿದ್ಧನಿಲ್ಲ’ ಅನ್ನುವುದು ವಿವೇಕ.

ಶಿಷ್ಯತ್ವದ ಕರೆ ಹಾಗಲ್ಲ. ಅದು ಮೀನು ಹಿಡಿಯುವವನಿಗೂ ಸುಂಕದ ಕಟ್ಟೆಯಲ್ಲಿ ಕೂತವನಿಗೂ ಅವರವರ ಕೆಲಸದ ಜಾಗದಲ್ಲೇ ಬಂತು. ಮಾರ್ಕ 3:14 ತೆರೆದು ನೋಡಿ: ಹನ್ನೆರಡು ಮಂದಿ ಶಿಷ್ಯರನ್ನು ಯೇಸು ನೇಮಿಸಿದ್ದು ಮೊದಲನೆಯದಾಗಿ ತನ್ನ ಜೊತೆ ಇರುವುದಕ್ಕೆ, ಎರಡನೆಯದಾಗಿ ಸಾರಲು ಕಳುಹಿಸುವುದಕ್ಕೆ. ಜೊತೆಗಿರಲು ಯಾವ ಅರ್ಹತಾ ಪರೀಕ್ಷೆಯೂ ಇಲ್ಲ. ಈ ಮಾರ್ಗದರ್ಶಿ ಈ ಶಿಷ್ಯತ್ವದ ಕರೆಗೆ ಮಾತ್ರ.

ಬೇಕಾಗುವ ಸಾಮಗ್ರಿ

ಹೆಚ್ಚೇನೂ ಬೇಡ. ನಿಮಗೆ ಓದಲು ಸಲೀಸಾದ ಒಂದು ಕನ್ನಡ ಬೈಬಲ್, ಅಚ್ಚಿನದಾದರೆ ಒಳ್ಳೆಯದು. ಮೊಬೈಲಿನಲ್ಲಿ ತೆರೆದರೆ ಎರಡನೇ ನಿಮಿಷಕ್ಕೆ ವಾಟ್ಸಾಪ್ ಕರೆಯುತ್ತದೆ. ಸತ್ಯವೇದ ಎಂಬ ಹಳೆಯ ಅನುವಾದದ ಭಾಷೆ ತೊಡಕೆನಿಸಿದರೆ ಸರಳ ಅನುವಾದ ಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ಕಥೋಲಿಕರು ಮಾರ್ಕನ ಪುಸ್ತಕವನ್ನು ‘ಶುಭಸಂದೇಶ’ ಅನ್ನುತ್ತಾರೆ, ಪ್ರೊಟೆಸ್ಟೆಂಟರು ‘ಸುವಾರ್ತೆ’ ಅನ್ನುತ್ತಾರೆ, ಪುಸ್ತಕ ಒಂದೇ. ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು. ದಿನಕ್ಕೆ 20 ನಿಮಿಷ. ಇವೆಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಮನುಷ್ಯ ಬೇಕು. ಅವರನ್ನು ಹುಡುಕುವ ಬಗೆ ಆರನೇ ಹಂತದಲ್ಲಿದೆ.

ಕೊಳ್ಳಬಾರದ್ದು: ವ್ಯಾಖ್ಯಾನ ಗ್ರಂಥಗಳ ಸೆಟ್ಟು, ‘40 ದಿನದಲ್ಲಿ ಬದಲಾಗಿ’ ಎಂಬಂಥ ಕೋರ್ಸು, ಅಭಿಷೇಕದ ಎಣ್ಣೆ ಬಾಟಲಿ. ಮೊದಲ ಮೂರು ತಿಂಗಳು ಇವು ಬೇಡವೇ ಬೇಡ.

ಹಂತ 1: ನಿಮ್ಮ ಅಂಜಿಕೆ ಯಾವುದು ಎಂದು ಗುರುತಿಸಿ

‘ಸಿದ್ಧನಿಲ್ಲ’ ಎನ್ನುವುದು ಒಂದೇ ಮಾತು, ಅದರ ಹಿಂದಿರುವ ಕಾರಣಗಳು ಹಲವು. ವೈದ್ಯರು ಜ್ವರ ಎಂದಷ್ಟೇ ಬರೆದು ಮಾತ್ರೆ ಕೊಡುವುದಿಲ್ಲವಲ್ಲ, ಹಾಗೆ. ಈ ಕೆಲಸಕ್ಕೆ ಬೈಬಲಿನ ವಿಮೋಚನಕಾಂಡದ 3 ಮತ್ತು 4ನೇ ಅಧ್ಯಾಯಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಐಗುಪ್ತದಲ್ಲಿ ಗುಲಾಮರಾಗಿದ್ದ ತನ್ನ ಜನರನ್ನು ಬಿಡಿಸಿ ತರಲು ದೇವರು ಕರೆದಾಗ, ಉರಿಯುವ ಪೊದೆಯ ಮುಂದೆ ನಿಂತ ಮೋಶೆ ಐದು ಸಲ ನೆವ ಹೇಳುತ್ತಾನೆ. ಆ ಐದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನಿಮ್ಮದು ಯಾವುದು ಎಂದು ಗುರುತು ಹಾಕಿ.

ಮೊದಲನೆಯದು, ‘ನಾನು ಎಷ್ಟರವನು?’ (3:11). ನಮ್ಮ ಬಾಯಲ್ಲಿ ಇದು, ‘ನನ್ನ ಹಳೇ ಬದುಕು ಊರಿಗೆಲ್ಲ ಗೊತ್ತು ಅಣ್ಣಾ’ ಎಂದು ಬರುತ್ತದೆ. ದೇವರ ಉತ್ತರವನ್ನು ಗಮನಿಸಿ. ‘ಇಲ್ಲಪ್ಪ, ನೀನು ಸಮರ್ಥ’ ಎಂದು ಆತ ಬೆನ್ನು ತಟ್ಟುವುದಿಲ್ಲ. ‘ನಾನೇ ನಿನ್ನ ಸಂಗಡ ಇರುವೆನು’ ಅನ್ನುತ್ತಾನೆ. ಪ್ರಶ್ನೆ ಮೋಶೆಯ ಬಗ್ಗೆ ಇತ್ತು, ಉತ್ತರ ದೇವರ ಬಗ್ಗೆ ಬಂತು. ನಿಮ್ಮ ಯೋಗ್ಯತೆಯನ್ನು ಯಾರಾದರೂ ಹೊಗಳಲಿ ಎಂದು ನೀವು ಕಾಯುತ್ತಿದ್ದರೆ ಆ ಹೊಗಳಿಕೆ ಬರುವುದಿಲ್ಲ, ಬಂದರೂ ನಿಮ್ಮನ್ನು ಎಬ್ಬಿಸುವುದಿಲ್ಲ.

ಎರಡನೆಯದು, ‘ನಿನ್ನ ಹೆಸರೇನೆಂದು ಕೇಳಿದರೆ ಏನು ಹೇಳಲಿ?’ (3:13). ಇಂದಿನ ಮಾತಿನಲ್ಲಿ, ‘ನನಗೆ ಬೈಬಲ್ ಗೊತ್ತಿಲ್ಲ.’ ಇದಕ್ಕೆ ಮದ್ದು ನಾಲ್ಕನೇ ಹಂತದಲ್ಲಿದೆ. ಮೂರನೆಯದು, ‘ಅವರು ನನ್ನನ್ನು ನಂಬದೆ ಹೋದರೆ?’ (4:1), ಅಂದರೆ ಮನೆಯವರು, ಗೆಳೆಯರು ನಕ್ಕರೆ? ಅದಕ್ಕೆ ಏಳನೇ ಹಂತ. ಮೋಶೆಯನ್ನು ದೇವರು ಕೇಳಿದ್ದು, ‘ನಿನ್ನ ಕೈಯಲ್ಲಿರುವುದು ಏನು?’ ಎಂದು, ಇದ್ದದ್ದು ಕುರಿ ಕಾಯುವ ಒಂದು ಕೋಲು. ನಾಲ್ಕನೆಯದು, ‘ನನಗೆ ಮಾತು ಬಾರದು’ (4:10). ನಾಲ್ಕು ಜನರ ಮುಂದೆ ಪ್ರಾರ್ಥಿಸಲು ಬಾಯಿ ಬರುವುದಿಲ್ಲ ಅನ್ನುವವರು ಈ ಸಾಲಿನವರು. ಅವರು ಸದ್ಯ ನಾಲ್ಕು ಜನರ ಮುಂದೆ ಪ್ರಾರ್ಥಿಸುವ ಅಗತ್ಯವೇ ಇಲ್ಲ.

ಐದನೆಯದು ಬೇರೆ ಜಾತಿಯದು: ‘ಬೇರೆ ಯಾರನ್ನಾದರೂ ಕಳುಹಿಸು’ (4:13). ಮೊದಲ ನಾಲ್ಕಕ್ಕೂ ದೇವರು ತಾಳ್ಮೆಯಿಂದ ಉತ್ತರಿಸಿದ. ಐದನೆಯದಕ್ಕೆ ಕೋಪಗೊಂಡ. ಮೊದಲಿನವು ಭಯ, ಇದು ಮನಸ್ಸಿಲ್ಲದಿರುವುದು. ಆದರೂ ಆ ಕೋಪದಲ್ಲೇ ಮೋಶೆಯ ಅಣ್ಣ ಆರೋನನನ್ನು ಜೊತೆಗೆ ಕೊಟ್ಟ ಎಂಬುದನ್ನೂ ಓದಿಕೊಳ್ಳಿ. ನಿಮ್ಮದು ಐದನೆಯದಾದರೆ ಅದನ್ನು ಭಯ ಎಂದು ಕರೆಯಬೇಡಿ. ‘ಕರ್ತನೇ, ನನಗೆ ಮನಸ್ಸಿಲ್ಲ’ ಎಂದು ಹಾಗೇ ಬರೆಯಿರಿ. ನಿಜ ಹೇಳಿದ ಜಾಗದಿಂದ ಮಾತ್ರ ಮುಂದಿನ ಹೆಜ್ಜೆ ಇಡಲು ಬರುತ್ತದೆ.

ಎಚ್ಚರಿಕೆಯ ಗುರುತು: ‘ನಾನು ಯಾತಕ್ಕೂ ಬಾರದವನು’ ಎಂಬ ಭಾವ ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವಿಡೀ ಕಾಡುತ್ತಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದನ್ನು ಆತ್ಮಿಕ ಅಯೋಗ್ಯತೆ ಎಂದು ತಿಳಿದು ಉಪವಾಸ ಕೂರಬೇಡಿ. ವೈದ್ಯರ ಹತ್ತಿರ ಹೋಗಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ‘ನನ್ನ ಪ್ರಾಣ ತೆಗೆದುಬಿಡು’ ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ಉಪದೇಶವಲ್ಲ, ಸುಟ್ಟ ರೊಟ್ಟಿ, ನೀರು, ಮತ್ತೊಂದು ನಿದ್ದೆ (1 ಅರಸು 19).

ಹಂತ 2: ಲೆಕ್ಕ ಹಾಕಿ, ಆದರೆ ಸರಿಯಾದ ಲೆಕ್ಕ

ಲೂಕ 14:28ರಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ. ಈ ವಾಕ್ಯ ಓದಿ ಬಹಳ ಜನ ತಪ್ಪು ಲೆಕ್ಕಕ್ಕೆ ಕೂರುತ್ತಾರೆ. ‘ನನ್ನಲ್ಲಿ ಎಷ್ಟು ಯೋಗ್ಯತೆ ಇದೆ’ ಎಂದು ಎಣಿಸುತ್ತಾರೆ. ಯೇಸು ಹೇಳಿದ್ದು ಬಿಡಬೇಕಾದ್ದರ ಲೆಕ್ಕ. 33ನೇ ವಚನದವರೆಗೂ ಓದಿದರೆ ಗೊತ್ತಾಗುತ್ತದೆ.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆಯಿರಿ: ಆತನ ಹಿಂದೆ ಹೋದರೆ ನಾನು ಏನನ್ನು ಕಳೆದುಕೊಳ್ಳಬಹುದು? ಲಂಚದಿಂದ ಬರುವ ತಿಂಗಳ ಹಣವೇ, ಒಬ್ಬರ ಮೇಲಿನ ಹಗೆಯೇ, ಗೆಳೆಯರ ಗುಂಪೇ, ಶನಿವಾರ ರಾತ್ರಿಯೇ? ಐದು ಸಾಲು ಸಾಕು. ಬರೆದದ್ದನ್ನು ಇವತ್ತೇ ಬಿಡಬೇಕೆಂದಿಲ್ಲ. ಬಾಗಿಲಲ್ಲಿ ಯಾವುದು ಅಡ್ಡ ನಿಂತಿದೆ ಎಂದು ಕಣ್ಣಿಗೆ ಕಾಣಬೇಕು, ಅಷ್ಟೆ.

ಈ ಪಟ್ಟಿಯಲ್ಲಿ ‘ನೌಕರಿ ಬಿಡುವುದು’ ಎಂದು ಬರೆದವರಿಗೆ ಒಂದು ಮಾತು. ಬೇಡ. ಉತ್ಸಾಹದಲ್ಲಿ ರಾಜೀನಾಮೆ ಕೊಟ್ಟು ವರ್ಷದೊಳಗೆ ಸಾಲಕ್ಕೆ ಬಿದ್ದವರನ್ನು ಕಂಡಿದ್ದೇನೆ. ಅವರ ಹೆಂಡತಿ ಮಕ್ಕಳು ಸಭೆಯ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ಪೌಲನು ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದುಕೊಂಡೇ ಸುವಾರ್ತೆ ಸಾರಿದ (ಅಪೊಸ್ತಲರ ಕೃತ್ಯಗಳು 18:3).

ಹಂತ 3: ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳಿ

ಇದು ಚಿಕ್ಕ ಹಂತ, ಆದರೆ ಇದನ್ನು ಮನಸ್ಸಿನಲ್ಲೇ ಮುಗಿಸುವವರು ಬಹಳ. ಒಂಟಿಯಾಗಿ ಕೂತು, ಸ್ವರ ತೆಗೆದು, ನಿಮ್ಮ ಮನೆಮಾತಿನಲ್ಲಿ ಹೇಳಿ. ಉತ್ತರ ಕರ್ನಾಟಕದ ಮಾತಾದರೆ ಅದರಲ್ಲೇ, ಕರಾವಳಿಯಲ್ಲಿ ತುಳುವೋ ಕೊಂಕಣಿಯೋ ಆದರೆ ಅದರಲ್ಲೇ. ಮಾತು ಸಿಗದಿದ್ದರೆ ಕಾಯಿಲೆಯ ಮಗನನ್ನು ಯೇಸುವಿನ ಬಳಿ ತಂದ ಮಾರ್ಕ 9:24ರ ತಂದೆಯ ಮಾತು ಎರವಲು ಪಡೆಯಿರಿ: ನಂಬುತ್ತೇನೆ, ನನಗೆ ನಂಬಿಕೆ ಸಾಲದು, ಸಹಾಯ ಮಾಡು. ಅರ್ಧ ನಂಬಿಕೆಯ ಆ ಪ್ರಾರ್ಥನೆಗೆ ಯೇಸು ಅಲ್ಲೇ ಉತ್ತರ ಕೊಟ್ಟ. ಮಗ ಗುಣವಾದ.

ತಾರೀಖು ಬರೆದಿಡಿ. ಹರಕೆ ಹೊರಬೇಡಿ. ‘ಇನ್ನು ಜೀವಮಾನದಲ್ಲಿ ಹೀಗೆ ಮಾಡುವುದಿಲ್ಲ’ ಎಂಬ ದೊಡ್ಡ ಆಣೆಗಳೇ ಮೂರನೇ ವಾರ ನಿಮ್ಮನ್ನು ಮುರಿಯುವುದು.

ಹಂತ 4: ಮಾರ್ಕನ ಜೊತೆ 16 ದಿನ

ಜೊತೆಗಿರುವುದು ಅಂದರೆ ಏನು ಮಾಡುವುದು? ನಾನು ಎಲ್ಲರಿಗೂ ಹೇಳುವುದು ಮಾರ್ಕನ ಸುವಾರ್ತೆ. ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ, ನಡಿಗೆ ಚುರುಕು. ದಿನಕ್ಕೆ ಒಂದು ಅಧ್ಯಾಯ. 14ನೇ ಅಧ್ಯಾಯದಲ್ಲಿ 72 ವಚನಗಳಿವೆ, ಅದಕ್ಕೆ ಬೇಕಿದ್ದರೆ ಎರಡು ದಿನ ತೆಗೆದುಕೊಳ್ಳಿ.

ಹೊತ್ತು ಯಾವುದಾದರೂ ಆಗಲಿ, ಜಾಗ ಒಂದೇ ಇರಲಿ. ನೈಟ್ ಶಿಫ್ಟ್ ಮುಗಿಸಿ ಬರುವವರಿಗೆ ನಸುಕಿನ ಪ್ರಾರ್ಥನೆಯ ಹೊರೆ ಹೊರಿಸಬೇಡಿ. ಅವರಿಗೆ ಮಧ್ಯಾಹ್ನ ಎದ್ದ ಮೇಲಿನ ಹೊತ್ತೇ ಬೆಳಗು. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ತಂಗಿ ಅಡುಗೆಮನೆಯಲ್ಲಿ ಅನ್ನ ಆಗುವ ಹೊತ್ತಿನಲ್ಲಿ ಓದಿ ಮುಗಿಸಿದಳು. ಮೊದಲು ಅಧ್ಯಾಯವನ್ನು ಸ್ವರವೆತ್ತಿ ಓದಿ. ಆಮೇಲೆ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ‘ಯೇಸು ಏನು ಮಾಡಿದ, ಏನು ಕೇಳಿದ’, ಬಲಕ್ಕೆ ‘ಶಿಷ್ಯರು ಏನು ಮಾಡಿದರು’ ಎಂದು ಬರೆಯಿರಿ. ಕೊನೆಗೆ ಎರಡು ನಿಮಿಷ ಸುಮ್ಮನೆ ಕೂತು, ಓದಿದ್ದರಲ್ಲಿ ಒಂದು ಮಾತನ್ನು ಹಿಡಿದು ಪ್ರಾರ್ಥಿಸಿ.

ಬಲಗಡೆಯ ಸಾಲು ತುಂಬುತ್ತಾ ಹೋದಂತೆ ನಿಮಗೇ ಒಂದು ವಿಷಯ ಕಾಣುತ್ತದೆ. 4ನೇ ಅಧ್ಯಾಯದಲ್ಲಿ ಬಿರುಗಾಳಿಗೆ ಹೆದರಿದರು. 6ರಲ್ಲಿ ರೊಟ್ಟಿಯ ಸಂಗತಿ ಅವರಿಗೆ ಅರ್ಥವಾಗಲಿಲ್ಲ, 8ರಲ್ಲೂ ಆಗಲಿಲ್ಲ. ಅದೇ ಅಧ್ಯಾಯದಲ್ಲಿ ಪೇತ್ರನು ಯೇಸುವನ್ನೇ ಗದರಿಸಿದ. 9ರಲ್ಲಿ ಹುಡುಗನನ್ನು ಗುಣಪಡಿಸಲಾಗಲಿಲ್ಲ, ದಾರಿಯುದ್ದಕ್ಕೂ ತಮ್ಮಲ್ಲಿ ಯಾರು ದೊಡ್ಡವರು ಎಂದು ವಾದಿಸಿದರು. 10ರಲ್ಲಿ ಮಕ್ಕಳನ್ನು ತರುವವರನ್ನು ಗದರಿಸಿದರು. ಯಾಕೋಬ ಯೋಹಾನರು ಎಡಬಲದ ಸ್ಥಾನ ಕೇಳಿದರು. 14ರಲ್ಲಿ ನಿದ್ದೆ ಹೋದರು, ಆಮೇಲೆ ಎಲ್ಲರೂ ಓಡಿಹೋದರು. ಇವರನ್ನೇ ಆತ 6ನೇ ಅಧ್ಯಾಯದಲ್ಲಿ ಇಬ್ಬಿಬ್ಬರಾಗಿ ಕಳುಹಿಸಿದ್ದು. ‘ಸಿದ್ಧರಾದವರು’ ಎಂಬ ಗುಂಪನ್ನು ಆ ಪುಸ್ತಕದಲ್ಲಿ ಹುಡುಕಿ ನೋಡಿ, ಸಿಗುವುದಿಲ್ಲ.

ಸಾಮಾನ್ಯ ತಪ್ಪುಗಳು ಮೂರು. ಒಂದು ದಿನ ತಪ್ಪಿದರೆ ಮರುದಿನ ಎರಡು ಅಧ್ಯಾಯ ಓದುವುದು. ಅದು ಸಾಲದ ಕಂತಲ್ಲ, ಬಿಟ್ಟಲ್ಲಿಂದ ಒಂದೇ ಓದಿ. ಎರಡನೆಯದು ಇನ್ನೊಬ್ಬರಿಗೆ ಹೇಳಲಿಕ್ಕಾಗಿ ಓದುವುದು. ಓದಿದ್ದನ್ನು ಅಂದೇ ಸ್ಟೇಟಸ್‌ಗೆ ಹಾಕುವ ಅಭ್ಯಾಸವಿದ್ದರೆ ಈ 16 ದಿನ ನಿಲ್ಲಿಸಿ. ಮೂರನೆಯದು ಭಾವನೆಯನ್ನು ಅಳೆಯುವುದು. ಕಣ್ಣೀರು ಬಂದ ದಿನ ಮಾತ್ರ ದೇವರು ಹತ್ತಿರ ಬಂದ ಎಂದೇನಿಲ್ಲ. ಎಷ್ಟೋ ದಿನ ಒಣಗಿದಂತೆ ಇರುತ್ತದೆ, ಓದಿ ಮುಚ್ಚಿಡಿ.

ಹಂತ 5: ಒಂದೇ ಒಂದು ವಿಧೇಯತೆ

ಮಾರ್ಕ ಅರ್ಧಕ್ಕೆ ಬರುವ ಹೊತ್ತಿಗೆ ಇದನ್ನು ಶುರು ಮಾಡಬೇಕು. ಇಲ್ಲವಾದರೆ ಓದು ಓದಾಗಿಯೇ ಉಳಿಯುತ್ತದೆ.

ಲೂಕ 5ರಲ್ಲಿ ಯೇಸು ಮೀನುಗಾರ ಸೀಮೋನನನ್ನು (ಪೇತ್ರ ಎಂದರೂ ಇವನೇ) ಕೇಳಿದ ಕ್ರಮ ನೋಡಿ. ಮೊದಲು, ದೋಣಿಯನ್ನು ದಡದಿಂದ ಸ್ವಲ್ಪ ನೂಕು. ಆಮೇಲೆ, ಆಳಕ್ಕೆ ನಡೆಸಿ ಬಲೆ ಹಾಕು. ಎಲ್ಲವನ್ನೂ ಬಿಟ್ಟು ಹಿಂಬಾಲಿಸಿದ್ದು ಕೊನೆಗೆ, 11ನೇ ವಚನದಲ್ಲಿ. ನಾವು 11ನೇ ವಚನದಿಂದ ಶುರು ಮಾಡಲು ಹೋಗಿ ಬೀಳುತ್ತೇವೆ. ನಡುವೆ ಸೀಮೋನ, ‘ನಾನು ಪಾಪಿ, ನನ್ನನ್ನು ಬಿಟ್ಟು ಹೋಗು’ ಅಂದಾಗ ಯೇಸು ಆ ಮಾತನ್ನು ಅಲ್ಲಗಳೆಯಲಿಲ್ಲ, ಬಿಟ್ಟೂ ಹೋಗಲಿಲ್ಲ. ಅಂಜಬೇಡ ಅಂದ.

ಹಾಗಾಗಿ ಎರಡನೇ ಹಂತದ ಪಟ್ಟಿಯಿಂದ ಅತಿ ಚಿಕ್ಕದನ್ನು ಆರಿಸಿ. ಅದು ಒಂದು ದಿನದೊಳಗೆ ಮಾಡಿ ಮುಗಿಸುವಂಥದ್ದಾಗಿರಲಿ, ನಿಮ್ಮದೇ ನಡತೆಗೆ ಸೇರಿದ್ದಾಗಿರಲಿ, ಕಿಸೆಯನ್ನೋ ಅಹಂಕಾರವನ್ನೋ ಒಂದಿಷ್ಟು ತಟ್ಟಲಿ. ಭಾವನಿಂದ ಪಡೆದು ಮರೆತಂತೆ ನಟಿಸಿದ 2,000 ರೂಪಾಯಿ ವಾಪಸು ಕೊಡುವುದು. ಆಸ್ತಿ ಪಾಲಿನ ಮೇಲೆ ಮಾತು ಬಿಟ್ಟ ತಮ್ಮನಿಗೆ ಫೋನ್ ಮಾಡುವುದು. ಅಂಗಡಿಯ ತಕ್ಕಡಿ ಸರಿಪಡಿಸುವುದು. ಸುಂಕದವನಾದ ಜಕ್ಕಾಯನ ರಕ್ಷಣೆಯ ಗುರುತು ಸಿಕ್ಕಿದ್ದು ಅವನ ಹಾಡಿನಲ್ಲಲ್ಲ, ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂಬ ಮಾತಿನಲ್ಲಿ (ಲೂಕ 19:8). ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿ ಹೋಗು ಎಂಬ ಮಾತೂ (ಮತ್ತಾಯ 5:23-24) ಇದೇ.

ಎರಡು ಕಡೆ ಎಚ್ಚರ ಬೇಕು. ನಿಮ್ಮನ್ನು ಹೊಡೆದವರ, ಮೈಮೇಲೆ ಕೈ ಮಾಡಿದವರ ಹತ್ತಿರ ‘ಸಮಾಧಾನಕ್ಕೆ’ ಒಬ್ಬರೇ ಹೋಗಬೇಡಿ. ಹೋಗಬೇಕಾದ ಸಾಲವೂ ನಿಮ್ಮ ಮೇಲಿಲ್ಲ. ಇನ್ನು ಕುಡಿತ: ವರ್ಷಗಟ್ಟಲೆ ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಜೀವಕ್ಕೇ ಅಪಾಯ ಬರಬಹುದು. ಪ್ರಾರ್ಥನೆಯ ಜೊತೆಗೆ ವೈದ್ಯರನ್ನು ಕಂಡು ನಿಲ್ಲಿಸಿ. ಅದು ನಂಬಿಕೆಯ ಕೊರತೆಯಲ್ಲ.

ಹಂತ 6: ಜೊತೆಗಾರರನ್ನು ಹುಡುಕಿ

ಆರೋನನಿಲ್ಲದ ಮೋಶೆ ಇಲ್ಲ. ಚೆನ್ನಾಗಿ ಮಾತಾಡಬಲ್ಲ ಬೋಧಕ ಅಪೊಲ್ಲೋಸನನ್ನೂ ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ಕಲಿಸಬೇಕಾಯಿತು (ಅಪೊಸ್ತಲರ ಕೃತ್ಯಗಳು 18:26).

ಯಾರನ್ನು ಕೇಳುವುದು? ವೇದಿಕೆಯ ಮೇಲೆ ಚೆನ್ನಾಗಿ ಮಾತಾಡುವವರನ್ನಲ್ಲ. ಸಭೆ ಮುಗಿದ ಮೇಲೆ ಕುರ್ಚಿ ಜೋಡಿಸುವವರು, ಅವರ ಮನೆಯವರು ಅವರ ಬಗ್ಗೆ ಒಳ್ಳೆಯ ಮಾತಾಡುವವರು, ತಪ್ಪಾದಾಗ ‘ತಪ್ಪಾಯ್ತು’ ಅನ್ನುವವರು. ಹೆಣ್ಣುಮಕ್ಕಳು ಹಿರಿಯ ಹೆಂಗಸರನ್ನೇ, ಗಂಡುಮಕ್ಕಳು ಹಿರಿಯ ಗಂಡಸರನ್ನೇ ಕೇಳಿಕೊಳ್ಳಿ. ‘ಅಕ್ಕಾ, ವಾರಕ್ಕೆ ಅರ್ಧ ಗಂಟೆ ಕೊಡ್ತೀರಾ? ನಾನು ಬರೆದುಕೊಂಡದ್ದನ್ನು ನಿಮಗೆ ತೋರಿಸಬೇಕು’ ಎಂದರೆ ಸಾಕು. ಪಾಸ್ಟರಿಗೋ ಧರ್ಮಕೇಂದ್ರದ ಗುರುಗಳಿಗೋ ತಿಳಿಸಿದರೆ ತಕ್ಕವರನ್ನು ತೋರಿಸುತ್ತಾರೆ.

ನನ್ನದನ್ನು ಹೇಳುತ್ತೇನೆ. 24ನೇ ವಯಸ್ಸಿನಲ್ಲಿ ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಮಾಡಲು ಒಪ್ಪಿಕೊಂಡೆ. ಆಗ ನನಗೆ ಸ್ವಂತ ಓದಿರಲಿಲ್ಲ, ಕೇಳುವವರೂ ಇರಲಿಲ್ಲ. ಮೂರು ತಿಂಗಳಿಗೆ ಬರಿದಾಗಿ ಬಿಟ್ಟುಬಿಟ್ಟೆ, ಆರು ತಿಂಗಳು ಸಭೆಯ ಕಡೆ ಮುಖ ಹಾಕಲಿಲ್ಲ. ಮನೆಗೆ ಬಂದದ್ದು ಒಬ್ಬ ಹಿರಿಯಮ್ಮ. ಯಾಕೆ ಬಿಟ್ಟೆ ಎಂದು ಕೇಳಲಿಲ್ಲ. ‘ಆಸ್ಪತ್ರೆಗೆ ಹೋಗ್ತಿದ್ದೀನಿ, ಈ ಚೀಲ ಹಿಡ್ಕೊಂಡು ಬಾ ಮಗಾ’ ಅಂದರು. ಒಂದು ವರ್ಷ ಪ್ರತಿ ಬುಧವಾರ ಅವರ ಚೀಲ ಹಿಡಿದುಕೊಂಡು ಹೋದೆ. ಹಣ್ಣು, ಫ್ಲಾಸ್ಕು, ಒಂದು ಹರಿದ ಕೀರ್ತನೆ ಪುಸ್ತಕ ಇರುತ್ತಿದ್ದವು. ಪ್ರಾರ್ಥಿಸುವುದನ್ನು ನಾನು ಕಲಿತದ್ದು ಹಾಸಿಗೆಗಳ ಪಕ್ಕ ಅವರ ಹಿಂದೆ ನಿಂತು.

ಈಗ ಎಚ್ಚರಿಕೆಯ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ದೂರ ಸರಿಯಿರಿ, ಆ ಮನುಷ್ಯನಿಗೆ ಎಷ್ಟೇ ದೊಡ್ಡ ಹೆಸರಿರಲಿ:

- ಪ್ರವಾದನೆಗೆ, ವಿಶೇಷ ಪ್ರಾರ್ಥನೆಗೆ ಹಣ ಕೇಳುವುದು
- ಬಿಪಿ, ಶುಗರ್, ಮಾನಸಿಕ ಕಾಯಿಲೆಯ ಮಾತ್ರೆ ನಿಲ್ಲಿಸಲು ಹೇಳುವುದು
- ‘ಈ ಮಾತು ನಮ್ಮಿಬ್ಬರಲ್ಲೇ ಇರಲಿ’ ಅನ್ನುವುದು, ಒಂಟಿಯಾಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಲು ಕರೆಯುವುದು
- ಮದುವೆ, ನೌಕರಿ, ಆಸ್ತಿ ವಿಷಯದಲ್ಲಿ ‘ದೇವರು ನನಗೆ ತೋರಿಸಿದ್ದಾನೆ’ ಎಂದು ಒತ್ತಾಯಿಸುವುದು
- ತಂದೆತಾಯಿಯನ್ನು, ಹಳೆಯ ಗೆಳೆಯರನ್ನು ಕಡಿದುಕೊಳ್ಳಲು ಹೇಳುವುದು

ಒಳ್ಳೆಯ ಜೊತೆಗಾರರು ನಿಮ್ಮನ್ನು ತಮ್ಮ ಶಿಷ್ಯರನ್ನಾಗಿ ಮಾಡಿಕೊಳ್ಳುವುದಿಲ್ಲ.

ಹಂತ 7: ಮನೆಯವರಿಗೆ ತಿಳಿಸುವುದು

ಗೆರಸೇನರ ಸೀಮೆಯಲ್ಲಿ ದೆವ್ವಗಳಿಂದ ಬಿಡುಗಡೆಯಾದವನು ದೋಣಿ ಹತ್ತುವ ಯೇಸುವನ್ನು, ‘ನಾನೂ ಬರುತ್ತೇನೆ’ ಎಂದು ಬೇಡಿಕೊಂಡ. ಯೇಸು ಒಪ್ಪಲಿಲ್ಲ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು ಅಂದ (ಮಾರ್ಕ 5:18-20). ಬಹಳ ಜನರಿಗೆ ಬರುವ ಕರೆ ಈ ಬಗೆಯದು. ಇದು ದೋಣಿ ಹತ್ತುವುದಕ್ಕಿಂತ ಕಷ್ಟ, ಏಕೆಂದರೆ ಮನೆಯವರಿಗೆ ನಮ್ಮ ಹಳೆಯದೆಲ್ಲ ಗೊತ್ತು.

ಹುಟ್ಟಿನಿಂದ ಕ್ರೈಸ್ತರಾದ ಮನೆಯಾದರೆ ಮಾತಿಗೆ ಮೊದಲು ಕೆಲಸ ಕಾಣಲಿ. ಐದನೇ ಹಂತದ ವಿಧೇಯತೆ ಒಂದೆರಡಾದರೂ ಆದ ಮೇಲೆ, ‘ನಾನು ಹೀಗೆ ಶುರು ಮಾಡಿದ್ದೇನೆ, ತಪ್ಪಿದರೆ ಹೇಳಿ’ ಅನ್ನಿ. ಮನೆಯಲ್ಲಿ ಮರುದಿನದಿಂದಲೇ ಟಿವಿ ಬಂದ್ ಮಾಡಿಸುವುದು, ಉಪದೇಶಕ್ಕೆ ಇಳಿಯುವುದು ದೊಡ್ಡ ತಪ್ಪು.

ಬೇರೆ ಧರ್ಮದ ಮನೆಯಿಂದ ಬಂದವರಿಗೆ ಈ ಹಂತ ನಿಧಾನವಾಗಬೇಕು. ಅವ್ವನ ದೇವರಮನೆಯ ಬಗ್ಗೆ ಒಂದು ಕೆಟ್ಟ ಮಾತೂ ಆಡಬೇಡಿ. ಸುಳ್ಳೂ ಹೇಳಬೇಡಿ. ಪ್ರಸಾದ, ಹಬ್ಬದ ಪೂಜೆಯಂಥ ಸೂಕ್ಷ್ಮ ವಿಷಯಗಳಲ್ಲಿ ಹೇಗೆ ನಡೆಯುವುದೆಂದು ಜೊತೆಗಾರರೊಡನೆ ಮೊದಲೇ ಮಾತಾಡಿಕೊಂಡಿರಿ. ಪಂಗಡಗಳಲ್ಲಿ ನಿಲುವು ಬೇರೆ ಬೇರೆ ಇದೆ. ಯಾವ ನಿಲುವಾದರೂ ಕೈಮುಗಿದು ಹೇಳಿ, ಸಿಡುಕಿ ಹೇಳಬೇಡಿ. ಮನೆಯ ಕೆಲಸ, ಅಪ್ಪನ ಔಷಧ, ತಂಗಿಯ ಫೀಸು ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ನೋಡಿಕೊಳ್ಳಿ. 18 ತುಂಬದವರು ತಂದೆತಾಯಿಗೆ ತಿಳಿಯದಂತೆ ಯಾವ ಕೂಟಕ್ಕೂ ಹೋಗಬಾರದು. ಕರೆದುಕೊಂಡು ಹೋಗುವವರು ಸರಿಯಿಲ್ಲ ಎಂದೇ ತಿಳಿಯಿರಿ.

ಏನು ಹೇಳುವುದು ಎಂಬ ಚಿಂತೆ ಬೇಡ. ಯೋಹಾನ 9ರಲ್ಲಿ ಕಣ್ಣು ಬಂದವನಿಗೆ ಪಂಡಿತರ ಪ್ರಶ್ನೆಗಳಿಗೆ ಉತ್ತರ ಗೊತ್ತಿರಲಿಲ್ಲ. ಕುರುಡನಾಗಿದ್ದೆ, ಈಗ ಕಾಣುತ್ತದೆ ಎಂಬ ಒಂದು ವಿಷಯ ಗೊತ್ತಿತ್ತು. ನಿಮಗೆ ಗೊತ್ತಿರುವಷ್ಟನ್ನೇ ಹೇಳಿ, ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಅನ್ನಿ.

ಹಂತ 8: ಚಿಕ್ಕ ಸೇವೆ, ಇಬ್ಬರಾಗಿ

ಮೂರು ತಿಂಗಳು ಓದು, ವಾರದ ಭೇಟಿ ನಡೆದ ಮೇಲೆ ಕೈಗೆ ಒಂದು ಕೆಲಸ ತೆಗೆದುಕೊಳ್ಳಿ. ಮುಂಚೆ ಬೇಡ. ಮೈಕು ಬೇಕಾಗದ ಕೆಲಸವಿರಲಿ: ರೋಗಿಗಳ ಭೇಟಿ, ಕಸ ಗುಡಿಸುವುದು, ಹಿರಿಯರನ್ನು ಭಾನುವಾರ ಗಾಡಿಯಲ್ಲಿ ಕರೆತರುವುದು, ಮಕ್ಕಳ ಹೋಂವರ್ಕ್. ಮಾರ್ಕ 6:7ರಂತೆ ಇಬ್ಬರಾಗಿ ಹೋಗಿ. ವಾರಕ್ಕೆ ಒಂದೇ ಕೆಲಸ. ಹೊಸಬರ ಉತ್ಸಾಹ ಕಂಡರೆ ಸಭೆಯಲ್ಲಿ ಐದು ಸಮಿತಿಗೆ ಹೆಸರು ಬರೆಸುತ್ತಾರೆ. ‘ಈ ವರ್ಷ ಒಂದೇ ಆಗುತ್ತೆ ಅಂಕಲ್’ ಎಂದು ಕೈಮುಗಿಯಿರಿ. ಶಿಷ್ಯರು ಹಿಂದಿರುಗಿದಾಗ ಯೇಸು ಅವರನ್ನು ಮತ್ತೊಂದು ಊರಿಗೆ ಅಟ್ಟಲಿಲ್ಲ, ಏಕಾಂತಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ ಅಂದ (6:31).

ಸೇವೆ ಹೆಚ್ಚಾಗಿ ಓದು ನಿಂತಿದ್ದರೆ, ಮನೆಯವರ ಮೇಲೆ ಸಿಡುಕು ಹೆಚ್ಚಿದ್ದರೆ, ಹೊಗಳಿಕೆ ಸಿಗದ ದಿನ ಮುಖ ಬಾಡುತ್ತಿದ್ದರೆ ಎರಡು ವಾರ ಸೇವೆ ನಿಲ್ಲಿಸಿ ನಾಲ್ಕನೇ ಹಂತಕ್ಕೆ ಹಿಂದಿರುಗಿ.

ಹಂತ 9: ಬಿದ್ದ ಮೇಲೆ ಏನು ಮಾಡುವುದು

ಬೀಳುತ್ತೀರಿ. ಹಳೆಯ ಚಟ ಮರಳುತ್ತದೆ, ತಿಂಗಳುಗಟ್ಟಲೆ ಪುಸ್ತಕ ತೆರೆಯದೆ ಇರುತ್ತೀರಿ, ಯಾರದೋ ಮುಂದೆ ಯೇಸುವಿನ ಹೆಸರು ಹೇಳಲು ನಾಚಿ ಸುಮ್ಮನಾಗುತ್ತೀರಿ. ಅದಕ್ಕಾಗಿ ಮೊದಲೇ ಒಂದು ಕ್ರಮ ಗೊತ್ತಿರಲಿ.

24 ಗಂಟೆಯೊಳಗೆ ಜೊತೆಗಾರರಿಗೆ ತಿಳಿಸಿ. ವಿವರಣೆ ಬೇಡ, ‘ಬಿದ್ದೆ’ ಎಂಬ ಒಂದು ಮೆಸೇಜು ಸಾಕು. ಬಚ್ಚಿಟ್ಟ ಪ್ರತಿ ದಿನ ಮರಳುವ ದಾರಿ ಉದ್ದವಾಗುತ್ತದೆ. ಕಥೋಲಿಕರಾದರೆ ಪಾಪನಿವೇದನೆಗೆ ಹೋಗಿ. ಯಾರಿಗೆ ನಷ್ಟವಾಗಿದೆಯೋ ಅವರಿಗೆ ಸಲ್ಲಬೇಕಾದ್ದು ಸಲ್ಲಿಸಿ. ಶಿಕ್ಷೆಯೆಂದು ಉಪವಾಸ ಹೆಚ್ಚಿಸಬೇಡಿ. ಆಮೇಲೆ ಬಿಟ್ಟ ಹಂತದಿಂದ ಮುಂದುವರಿಸಿ. ಮೊದಲನೇ ಹಂತದಿಂದ ಮತ್ತೆ ಶುರು ಮಾಡಬೇಕಾಗಿಲ್ಲ.

ಯೋಹಾನನ ಕೊನೆಯ ಅಧ್ಯಾಯದಲ್ಲಿ ಪೇತ್ರನು ದಡಕ್ಕೆ ಬಂದಾಗ ಅಲ್ಲಿ ಕೆಂಡದ ಬೆಂಕಿ ಇತ್ತು, ಮೀನು ಬೇಯುತ್ತಿತ್ತು, ರೊಟ್ಟಿ ಇತ್ತು. ಮಹಾಯಾಜಕನ ಅಂಗಳದಲ್ಲಿ ಅವನು ಯೇಸುವನ್ನು ಅರಿಯೆನೆಂದದ್ದೂ ಕೆಂಡದ ಬೆಂಕಿಯ ಹತ್ತಿರವೇ (ಯೋಹಾನ 18:18). ಯೇಸು ಮೊದಲು ಊಟ ಹಾಕಿದ. ಊಟವಾದ ಮೇಲೆ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಮೂರು ಸಲ ಕೇಳಿದ, ಮೂರು ಸಲವೂ ತನ್ನ ಕುರಿಗಳನ್ನು, ಅಂದರೆ ತನ್ನ ಜನರನ್ನು, ನೋಡಿಕೊಳ್ಳುವ ಕೆಲಸ ಒಪ್ಪಿಸಿದ.

ಇನ್ನೊಬ್ಬನ ಕಥೆಯನ್ನೂ ನೆನಪಿಡಿ. ಯೋಹಾನ ಮಾರ್ಕನೆಂಬ ಯುವಕ ಪೌಲ ಬಾರ್ನಬರ ಜೊತೆ ಹೊರಟು ಪಂಫುಲ್ಯದಲ್ಲಿ ಅವರನ್ನು ಬಿಟ್ಟು ಹಿಂದಿರುಗಿದ (ಅಪೊಸ್ತಲರ ಕೃತ್ಯಗಳು 13:13). ಎರಡನೇ ಸಲ ಹೊರಡುವಾಗ ಪೌಲ ಅವನನ್ನು ಕರೆದೊಯ್ಯಲು ಒಪ್ಪಲಿಲ್ಲ. ಆ ಜಗಳಕ್ಕೆ ಪೌಲ ಬಾರ್ನಬರೇ ಬೇರೆಯಾದರು. ಬಾರ್ನಬ ಅವನನ್ನು ಕೈಬಿಡದೆ ಕುಪ್ರಕ್ಕೆ ಕರೆದುಕೊಂಡು ಹೋದ. ವರ್ಷಗಳ ಮೇಲೆ ಸೆರೆಯಿಂದ ಬರೆದ ಪತ್ರದಲ್ಲಿ ಅದೇ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬಹಳ ಉಪಯೋಗಕ್ಕೆ ಬರುತ್ತಾನೆ ಎಂದು ತಿಮೊಥೆಯನಿಗೆ ಹೇಳುತ್ತಾನೆ (2 ತಿಮೊಥೆಯ 4:11). ಸಭೆಯ ಪರಂಪರೆಯ ಪ್ರಕಾರ ನೀವು 16 ದಿನ ಓದಿದ ಸುವಾರ್ತೆಯನ್ನು ಬರೆದವನು ಈ ಮಾರ್ಕನೇ. ಬಿದ್ದ ದಿನ ನೋಟ್‌ಬುಕ್ ತೆಗೆದು, ಬಲಗಡೆಯ ಸಾಲನ್ನು ಇನ್ನೊಮ್ಮೆ ಓದಿ. ಶಿಷ್ಯರ ತಪ್ಪುಗಳ ಆ ಪಟ್ಟಿಯ ಕೆಳಗೆ ನಿಮ್ಮದನ್ನೂ ಬರೆದು, ಇವತ್ತಿನ ತಾರೀಖು ಹಾಕಿ, ನಾಳೆಯ ಅಧ್ಯಾಯಕ್ಕೆ ಗುರುತಿನ ಚೀಟಿ ಇಡಿ.